ಅಪ್ಪನ ಸೋಮವಾರದ ಸ್ಕೋರು

ಗಾಲ್ಫ್ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಇದನ್ನು ಓದದೆ ಮುಂದಕ್ಕೆ ಹೋಗುತ್ತೀರಿ ಎಂದು ನಮಗೆ ಗೊತ್ತು. ದುಡ್ಡಿರುವವರ ಆಟ, ನಿವೃತ್ತ ಅಧಿಕಾರಿಗಳ ಆಟ, ನಮಗೂ ಅದಕ್ಕೂ ಏನು ಸಂಬಂಧ ಅಂತ. ನಮಗೆ ಸಂಬಂಧ ಇದೆ. ನಮ್ಮ ಮನೆಗೆ ಬರುವ ಅಕ್ಕಿ, ಬೇಳೆ, ನಮ್ಮಿಬ್ಬರ ಫೀಸು, ಕ್ರಿಸ್ಮಸ್‌ಗೆ ಹೊಲಿಸುವ ಬಟ್ಟೆ ಎಲ್ಲವೂ ಮೂವತ್ತು ವರ್ಷಕ್ಕೂ ಮೇಲಿಂದ ಆ ಆಟದಿಂದಲೇ ಬಂದಿವೆ. ನಮ್ಮ ಅಪ್ಪ ಗಾಲ್ಫ್ ಮೈದಾನದಲ್ಲಿ ಕ್ಯಾಡಿ. ಬರೆಯುತ್ತಿರುವ ನಾವು ಅಕ್ಕ, ತಮ್ಮ, ಒಬ್ಬಳು ಬಿ.ಕಾಂ. ಎರಡನೇ ವರ್ಷ, ಇನ್ನೊಬ್ಬ ಪ್ಲಸ್ ಟು. ಗಾಲ್ಫ್ ಸ್ಕೋರನ್ನು ಸ್ಪ್ರೆಡ್‌ಶೀಟಿನಲ್ಲಿ ಇಡುವುದು ಹೇಗೆ ಎಂದು ಬರೆಯಿರಿ ಅಂತ ಯುವಬಳಗದವರು ಕೇಳಿದಾಗ ಒಂದು ಪುಟ ಸಾಕು ಎಂದುಕೊಂಡೆವು. ಬರೆಯುತ್ತಾ ಹೋದ ಹಾಗೆ ಅಪ್ಪನೂ ಒಳಗೆ ಬಂದರು. ಅವರ ಒಪ್ಪಿಗೆ ಕೇಳಿಯೇ ಬರೆದಿದ್ದೇವೆ.

ನೀಲಗಿರಿಯಲ್ಲಿ ಊಟಿ, ವೆಲ್ಲಿಂಗ್ಟನ್ ಎರಡು ಕಡೆ ಹಳೆಯ ಗಾಲ್ಫ್ ಮೈದಾನಗಳಿವೆ. ಇಂಗ್ಲಿಷರು ಬೇಸಿಗೆಗೆ ಬೆಟ್ಟ ಹತ್ತಿದಾಗ ತಮ್ಮ ಊರಿನ ಆಟವನ್ನು ತಂದರು, ಜೊತೆಗೆ ತಮ್ಮ ಊರಿನ ಮುಳ್ಳುಪೊದೆಯನ್ನೂ ತಂದರು. ಗೋರ್ಸ್ ಎಂದು ಅದರ ಹೆಸರು. ಹಳದಿ ಹೂ ಬಿಟ್ಟಾಗ ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಚೆಂಡು ಹುಡುಕಲು ಅದರೊಳಗೆ ಕೈ ಹಾಕುವವರು ಮಾತ್ರ ಅದನ್ನು ಬೇರೆ ಹೆಸರಿಂದ ಕರೆಯುತ್ತಾರೆ, ಅದನ್ನು ಇಲ್ಲಿ ಬರೆಯುವುದು ಬೇಡ. ಇಷ್ಟು ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ ಹೊಡೆದ ಚೆಂಡು ಬಯಲುಸೀಮೆಗಿಂತ ದೂರ ಹಾರುತ್ತದೆ. ಬೆಂಗಳೂರಿನಿಂದ ಬಂದವರು ಮೊದಲ ದಿನ ಖುಷಿಪಡುತ್ತಾರೆ, ಎರಡನೇ ದಿನ ಪೊದೆಯಲ್ಲಿ ಹುಡುಕುತ್ತಾರೆ.

ನಮ್ಮ ತಾತ ಗುಂಡ್ಲುಪೇಟೆ ಕಡೆಯವರು. ಬಂಡೀಪುರ, ಮುದುಮಲೆ ದಾಟಿ, ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಆಲೂಗಡ್ಡೆ ಹೊಲದ ಕೂಲಿಗೆ ಬಂದವರು ಮತ್ತೆ ಇಳಿಯಲಿಲ್ಲ. ಅಪ್ಪನನ್ನು ಮಾತ್ರ ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಪ್ಪ ಏಳನೇ ತರಗತಿವರೆಗೆ ಓದಿದ್ದು ಅಲ್ಲೇ, ಕನ್ನಡದಲ್ಲಿ. ಆಮೇಲೆ ಬೆಟ್ಟ ಹತ್ತಿದರು. ತಮಿಳು ನೀರು ಕುಡಿದ ಹಾಗೆ ಮಾತಾಡುತ್ತಾರೆ, ಒಂದಕ್ಷರ ಓದಲು ಬರುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕ್ಯಾಡಿ ಎಂದರೆ ಬ್ಯಾಗು ಹೊರುವವನು ಎಂದು ಜನ ತಿಳಿದಿದ್ದಾರೆ. ಹೊರುವುದು ಸುಲಭದ ಭಾಗ. ಯಾವ ಕೋಲು ಎಷ್ಟು ದೂರ ಹೋಗುತ್ತದೆ, ಗಾಳಿ ಎಲ್ಲಿಂದ, ಗ್ರೀನಿನ ಹುಲ್ಲು ಯಾವ ಕಡೆ ವಾಲಿದೆ ಎಂದು ಹೇಳಬೇಕು. ಕಿತ್ತು ಬಂದ ಹುಲ್ಲಿನ ಹೆಂಟೆಯನ್ನು ಅದರ ಜಾಗದಲ್ಲಿ ಕೂರಿಸಬೇಕು, ಬಂಕರಿನ ಮರಳಿನ ಮೇಲೆ ಕಾಲ ಗುರುತು ಉಳಿಯದ ಹಾಗೆ ಎಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚೆಂಡು ಎಲ್ಲಿ ಬಿತ್ತು ಎಂದು ನೋಡಬೇಕು. ನಿಂಬೆಹಣ್ಣಿಗಿಂತ ಚಿಕ್ಕ ಬಿಳಿ ಚೆಂಡು, ಇನ್ನೂರು ಗಜಕ್ಕೂ ಆಚೆ. 2019ರವರೆಗೆ ಹುಡುಕಲು 5 ನಿಮಿಷ ಕೊಡುತ್ತಿದ್ದರು, ಈಗ 3 ನಿಮಿಷ ಮಾತ್ರ. ಅಷ್ಟರಲ್ಲಿ ಸಿಗದಿದ್ದರೆ ಒಂದು ಹೊಡೆತದ ದಂಡ ಕಟ್ಟಿ, ಮೊದಲು ಹೊಡೆದ ಜಾಗಕ್ಕೇ ವಾಪಸು ಹೋಗಿ ಹೊಡೆಯಬೇಕು. ಹೊಡೆದದ್ದೂ ಹೋಯಿತು, ದಂಡವೂ ಬಿತ್ತು. ಒಂದು ಚೆಂಡು ಕಳೆದರೆ ಹೆಚ್ಚುಕಡಿಮೆ ಎರಡು ಹೊಡೆತ ನಷ್ಟ. ಸಾಹೇಬರಿಗೆ ಇದು ಬೇಜಾರಿನ ಸಂಗತಿ. ಕ್ಯಾಡಿಗೆ ಅದು ಮಾರನೇ ದಿನ ಕರೆ ಬರುತ್ತದೋ ಇಲ್ಲವೋ ಎಂಬ ಸಂಗತಿ. ದಿನದ ಕೂಲಿ ತಾನೆ.

ಸೋಮವಾರ ಬೆಳಿಗ್ಗೆ ಕ್ಯಾಡಿಗಳು ತಾವೇ ಆಡಬಹುದು. ಅಪ್ಪ ಮಳೆ ಸುರಿಯದ ಒಂದು ಸೋಮವಾರವನ್ನೂ ಬಿಟ್ಟಿಲ್ಲ. ಯಾರೋ ಕೊಟ್ಟ ಹಳೆಯ ಕೋಲುಗಳು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದವು. ಬಂದ ಮೇಲೆ ಉದ್ದ ನೋಟ್‌ಬುಕ್ಕಿನಲ್ಲಿ ಸ್ಕೋರು ಬರೆಯುತ್ತಾರೆ. ಮೇಲೆ ತಾರೀಕು, ಎಡಗಡೆ ಜೊತೆಗಾರನ ಹೆಸರಿನ ಮೊದಲಕ್ಷರ, ಆಮೇಲೆ 18 ಹೋಲಿಗೆ 18 ಅಂಕಿ. ಪ್ರತಿ ಅಂಕಿಯ ಕೆಳಗೆ ಸಣ್ಣದಾಗಿ ಪಟ್ಟುಗಳ ಸಂಖ್ಯೆ, ಅಂದರೆ ಗ್ರೀನಿನ ಮೇಲೆ ಎಷ್ಟು ಬಾರಿ ಉರುಳಿಸಿದೆ ಎಂದು. ಚೆಂಡು ಕಳೆದ ಕಡೆ ಒಂದು ‘ಕ’. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಮುನಿಯಪ್ಪ ಎಂಬವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದ ವಾರ ಮಾತ್ರ ಅಪ್ಪ ನೋಟ್‌ಬುಕ್ಕಿನಲ್ಲಿ ಅಂಕಿಯಲ್ಲದ ಒಂದು ಸಾಲು ಬರೆದಿದ್ದಾರೆ: ‘ನಮ್ಮೋನು ಗೆದ್ದ.’

ಜೊತೆಗಾರನ ಅಕ್ಷರ ಯಾಕೆ ಎಂದು ಕೇಳಿದ್ದೆವು. ಗಾಲ್ಫಿನಲ್ಲಿ ನಮ್ಮ ಸ್ಕೋರನ್ನು ನಮ್ಮ ಕಾರ್ಡಿನಲ್ಲಿ ಜೊತೆಯಲ್ಲಿ ಆಡುವವನು ಬರೆಯುತ್ತಾನೆ. ಅವನನ್ನು ಮಾರ್ಕರ್ ಅನ್ನುತ್ತಾರೆ. ಆಟ ಮುಗಿದ ಮೇಲೆ ಇಬ್ಬರೂ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಮುಗಿಯಿತು. ಇದಕ್ಕೆ ಅಪ್ಪ ಹೊಸ ಹುಡುಗರಿಗೆಲ್ಲ ಹೇಳುವ ಒಂದು ಕತೆ ಇದೆ, ಯಾವುದೋ ಕರ್ನಲ್ ಸಾಹೇಬರಿಂದ ಕೇಳಿದ್ದು, ನಾವು ಹುಡುಕಿ ನೋಡಿದೆವು, ನಿಜವೇ. 1968ರ ಏಪ್ರಿಲ್ 14. ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರಿಗೆ ಅವತ್ತೇ 45 ತುಂಬಿದ ಹುಟ್ಟುಹಬ್ಬ. 17ನೇ ಹೋಲಿನಲ್ಲಿ ಅವರು ಹೊಡೆದದ್ದು 3. ಅವರ ಮಾರ್ಕರ್ ಟಾಮಿ ಆರನ್ ಬರೆದದ್ದು 4. ಡಿ ವಿಸೆಂಜೊ ನೋಡದೆ ಸಹಿ ಹಾಕಿದರು. ಟಿ.ವಿ.ಯಲ್ಲಿ ಲಕ್ಷಾಂತರ ಜನ ಆ 3 ನೋಡಿದ್ದರು, ಆದರೂ ನಿಯಮದ ಪ್ರಕಾರ ಬರೆದ ಹೆಚ್ಚಿನ ಅಂಕಿಯೇ ನಿಂತಿತು. 65 ಆಗಬೇಕಾದದ್ದು 66 ಆಯಿತು. ಒಂದೇ ಹೊಡೆತದಲ್ಲಿ ಪಂದ್ಯ ಬಾಬ್ ಗೋಲ್ಬಿಯ ಪಾಲಾಯಿತು. ಬರೆದದ್ದು ನಿಜಕ್ಕಿಂತ ಕಡಿಮೆ ಆಗಿದ್ದರೆ ಅವರನ್ನು ಪಂದ್ಯದಿಂದಲೇ ತೆಗೆದುಹಾಕುತ್ತಿದ್ದರು.

ಕ್ರೂರ ನಿಯಮ ಎಂದು ನಮ್ಮಿಬ್ಬರ ಅಭಿಪ್ರಾಯ. ಅಪ್ಪ ಒಪ್ಪುವುದಿಲ್ಲ. “ಕಾರ್ಡು ಅವನ್ದು, ಸಹಿ ಅವನ್ದು. ನೋಡ್ಕೊಬೇಕಾಗಿತ್ತು ಕನ” ಅನ್ನುತ್ತಾರೆ.

ಇನ್ನು ಶೀಟಿನ ವಿಷಯ. ಎರಡು ವರ್ಷದ ಹಿಂದೆ ಕಾಲೇಜಿನಲ್ಲಿ ಸ್ಪ್ರೆಡ್‌ಶೀಟ್ ಪಾಠ ಬಂದಾಗ ಅಭ್ಯಾಸಕ್ಕೆ ಅಂಕಿಗಳು ಬೇಕಾಗಿದ್ದವು. ಪುಸ್ತಕದಲ್ಲಿ ಕೊಟ್ಟಿದ್ದ ಸೋಪು ಮಾರಾಟದ ಲೆಕ್ಕ ಯಾರಿಗೆ ಬೇಕು, ಮನೆಯಲ್ಲೇ ಅಂಕಿ ರಾಶಿ ಬಿದ್ದಿದೆಯಲ್ಲ ಎಂದು ಅಪ್ಪನ ಕೊನೆಯ ಮೂರು ನೋಟ್‌ಬುಕ್ ಎಳೆದುಕೊಂಡೆವು. ಒಟ್ಟು 112 ಸುತ್ತು. 18ರಿಂದ ಗುಣಿಸಿದರೆ 2016 ಅಂಕಿ, ಪಟ್ಟುಗಳದು ಇನ್ನೊಂದು 2016. ಒಬ್ಬರು ಓದಿ ಹೇಳುವುದು, ಒಬ್ಬರು ಫೋನಿನಲ್ಲಿ ಒತ್ತುವುದು. ತಪಸ್ಸುಕಾಲದ ಸಂಜೆಗಳಲ್ಲಿ ಹೇಗೂ ಟಿ.ವಿ. ಇಲ್ಲ, ಅದೇ ಕೆಲಸ ನಡೆಯಿತು.

ನೀವೂ ಮಾಡುವುದಾದರೆ ಹೀಗೆ ಮಾಡಿ. ಗಾಲ್ಫೇ ಆಗಬೇಕಿಲ್ಲ, ಕೇರಂ ಸ್ಕೋರಿಗೂ ನಡೆಯುತ್ತದೆ. ಒಂದು ಆಟಕ್ಕೆ ಒಂದು ಸಾಲು. ತಾರೀಕು ಮೊದಲ ಕಾಲಂ, ಆಮೇಲೆ ಜೊತೆಗಾರ, ಹವಾಮಾನ, ಆಮೇಲೆ 1ರಿಂದ 18. ಮೊದಲ ಒಂಬತ್ತರ ಮೊತ್ತ, ಕೊನೆಯ ಒಂಬತ್ತರ ಮೊತ್ತ, ಪೂರ್ತಿ ಮೊತ್ತ, ಇವನ್ನು ನೀವು ಕೂಡಬೇಡಿ, ಸಮ್ ಸೂತ್ರಕ್ಕೆ ಬಿಡಿ. ಪಟ್ಟುಗಳಿಗೂ ಕಳೆದ ಚೆಂಡುಗಳಿಗೂ ಬೇರೆ ಹಾಳೆ ಇಡಿ, ಒಂದರಲ್ಲೇ ತುರುಕಿದರೆ ಎರಡು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ. ಕಂಡಿಷನಲ್ ಫಾರ್ಮ್ಯಾಟಿಂಗ್ ಎಂಬುದರಲ್ಲಿ, ಪಾರ್‌ಗಿಂತ ಕಡಿಮೆ ಹೊಡೆದ ಹೋಲಿಗೆ ಹಸಿರು, ಎರಡು ಅಥವಾ ಹೆಚ್ಚು ಮೀರಿದ ಹೋಲಿಗೆ ಕೆಂಪು ಬೀಳುವ ಹಾಗೆ ಮಾಡಿ. ಪಾರ್ ಎಂದರೆ ಒಳ್ಳೆಯ ಆಟಗಾರ ಆ ಹೋಲಿಗೆ ತೆಗೆದುಕೊಳ್ಳಬೇಕಾದ ಹೊಡೆತಗಳು. ಮೂರು, ನಾಲ್ಕು ಅಥವಾ ಐದು.

ಮೊತ್ತ ಬಂದ ಮೇಲೆ ಹ್ಯಾಂಡಿಕ್ಯಾಪ್ ಲೆಕ್ಕ ಹಾಕುವ ಆಸೆ ಬಂತು. ಗೊತ್ತಿಲ್ಲದವರಿಗೆ ಒಂದು ಮಾತು. ಚೆನ್ನಾಗಿ ಆಡುವವನೂ ಸುಮಾರಾಗಿ ಆಡುವವನೂ ಒಟ್ಟಿಗೆ ಆಡಿದರೆ ಪಂದ್ಯ ಸಮ ಆಗಲಿ ಎಂದು ಇಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. 2020ರಿಂದ ಲೋಕಕ್ಕೆಲ್ಲ ಒಂದೇ ಪದ್ಧತಿ ಜಾರಿಗೆ ಬಂದಿದೆ. ಪ್ರತಿ ಮೈದಾನಕ್ಕೂ ಎರಡು ಅಂಕಿ ಕೊಟ್ಟಿರುತ್ತಾರೆ. ಕೋರ್ಸ್ ರೇಟಿಂಗ್ ಎಂದರೆ ಪರಿಣತನೊಬ್ಬ ಅಲ್ಲಿ ಎಷ್ಟಕ್ಕೆ ಮುಗಿಸುತ್ತಾನೆ ಎಂಬುದು. ಸ್ಲೋಪ್ ಎಂದರೆ ಸಾಮಾನ್ಯ ಆಟಗಾರನಿಗೆ ಆ ಮೈದಾನ ಅದಕ್ಕಿಂತ ಎಷ್ಟು ಹೆಚ್ಚು ಕಷ್ಟ ಎಂಬುದು. ಅದು 55ರಿಂದ 155ರ ತನಕ ಇರುತ್ತದೆ, 113 ನಡುವಿನ ಅಳತೆ. ಸ್ಕೋರಿನಿಂದ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪಿನಿಂದ ಭಾಗಿಸಬೇಕು. ರೇಟಿಂಗ್ 69.5, ಸ್ಲೋಪ್ 120 ಇರುವ ಕಡೆ 85 ಹೊಡೆದರೆ 14.6 ಬರುತ್ತದೆ. ಹೀಗೆ ಕೊನೆಯ 20 ಆಟಗಳಿಗೆ ಮಾಡಿ, ಅದರಲ್ಲಿ ಅತಿ ಒಳ್ಳೆಯ 8ನ್ನು ಆರಿಸಿ ಸರಾಸರಿ ತೆಗೆದರೆ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಆಟ ಕಡಿಮೆ ಇದ್ದರೂ ಶುರು ಮಾಡಬಹುದು: ಮೂರೇ ಆಟ ಇದ್ದರೆ ಅತಿ ಒಳ್ಳೆಯ ಒಂದನ್ನು ತೆಗೆದುಕೊಂಡು ಅದರಲ್ಲಿ 2 ಕಳೆಯುತ್ತಾರೆ. ಸ್ಮಾಲ್, ಆವರೇಜ್ ಎಂಬ ಎರಡು ಸೂತ್ರ ಸಾಕು. ಅಪ್ಪನದು 10.1 ಬಂತು. ಕ್ಲಬ್ಬಿನ ಬೋರ್ಡಿನಲ್ಲಿ ಇರುವ ಸಂಖ್ಯೆ ಅಲ್ಲ, ನಮ್ಮ ಅಡಿಗೆಮನೆಯ ಸಂಖ್ಯೆ. ಆದರೂ ಅಪ್ಪ ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋದರು. ಸಂಜೆ ಬಂದಾಗ ಆ ಚೀಟಿ ನಾಲ್ಕು ಜನರ ಕೈ ದಾಟಿದ ಹಾಗೆ ಮಾಸಿತ್ತು.

ಇಲ್ಲೊಂದು ಜಗಳ ನಡೆಯಿತು. ಹ್ಯಾಂಡಿಕ್ಯಾಪ್ ನಿಯಮದಲ್ಲಿ ಒಂದು ಹೋಲಿಗೆ ಇಷ್ಟಕ್ಕಿಂತ ಹೆಚ್ಚು ಬರೆಯಬೇಕಿಲ್ಲ ಎಂಬ ಮಿತಿ ಇದೆ: ಪಾರ್‌ಗೆ ಎರಡು ಸೇರಿಸಿ, ಆ ಹೋಲಿನಲ್ಲಿ ನಿಮಗೆ ಸಿಗುವ ರಿಯಾಯಿತಿ ಸೇರಿಸಿದರೆ ಅಲ್ಲಿಗೆ ನಿಲ್ಲಿಸಬಹುದು. ಅಪ್ಪನಂಥವರು ಪಾರ್ 4ರಲ್ಲಿ 9 ಹೊಡೆದಿದ್ದರೂ ಲೆಕ್ಕಕ್ಕೆ 6 ಅಥವಾ 7. ಸುಮ್ಮನೆ ಕತ್ತರಿಸಿದ ಅಂಕಿಯನ್ನೇ ಹಾಕೋಣ, ಹಾಳೆ ಚೊಕ್ಕಟ ಇರುತ್ತದೆ ಎಂದು ನಾವು. ಅಪ್ಪ ಚಾಪೆಯಿಂದ ಎದ್ದು ಕೂತರು. “ಹೊಡದದ್ನ ಹೊಡದಂಗೆ ಬರೀರಿ. ಒಂಬತ್ತು ಹೊಡದೋನು ನಾನು, ಆರು ಅಂತ ಬರ್ಯಕೆ ನೀವ್ಯಾರು?” ಸರಿ ಎಂದು ಎರಡು ಹಾಳೆ ಮಾಡಿದೆವು. ಒಂದರಲ್ಲಿ ನಿಜವಾದ 9. ಇನ್ನೊಂದರಲ್ಲಿ ಸೂತ್ರ ಕತ್ತರಿಸಿಕೊಟ್ಟದ್ದು.

ಆಮೇಲೆ ಪ್ರತಿ ಸೋಮವಾರ ಸಂಜೆ ಒಂದು ಸಾಲು ಸೇರಿಸುವುದು ಮನೆಯ ರೂಢಿ ಆಯಿತು. ಒಂದು ವರ್ಷ ಕಳೆಯಿತು. ಇಂಡೆಕ್ಸ್ 10.1 ಇದ್ದದ್ದು 10.4. ಐವತ್ತೇಳರ ವಯಸ್ಸಿಗೆ ಅದೇನೂ ಅಲ್ಲ. ಆದರೆ ಹಾಳೆ ತೆರೆದರೆ ಕೆಂಪು ಜಾಸ್ತಿ ಕಾಣುತ್ತಿತ್ತು. ಕೊನೆಯ 20 ಆಟದ ಸಾದಾ ಸರಾಸರಿ ತೆಗೆದೆವು: ಹಿಂದಿನ ವರ್ಷ 82.3, ಈಗ 85.15. ಇಂಡೆಕ್ಸ್ ಯಾಕೆ ಅಲ್ಲಾಡಲಿಲ್ಲ? ಯೋಚಿಸಿದರೆ ಕಾರಣ ಸೂತ್ರದಲ್ಲೇ ಇತ್ತು. ಅದು ಒಳ್ಳೆಯ 8 ದಿನಗಳನ್ನು ಮಾತ್ರ ನೋಡುತ್ತದೆ. ಉಳಿದ 12 ದಿನ ಏನಾದರೂ ಆಗಲಿ, ಅದಕ್ಕೆ ಬೇಕಿಲ್ಲ. ಮನುಷ್ಯನ ಕೈಲಾಗುವುದು ಎಷ್ಟು ಎಂದು ಅಳೆಯಲು ಮಾಡಿದ್ದು ಅದು. ಮನುಷ್ಯ ಹೇಗಿದ್ದಾನೆ ಎಂದು ತಿಳಿಯಲು ಅಲ್ಲ.

ಹಾಗಾದರೆ ಆ ಒಳ್ಳೆಯ ದಿನಗಳು ಯಾವುವು? ಮಳೆ, ಬಿಸಿಲು, ಮಂಜು ಎಂದು ವಿಂಗಡಿಸಿದೆವು. ಮಂಜಿನ ದಿನ ಸ್ವಲ್ಪ ಹೆಚ್ಚು, ಅದು ಎಲ್ಲರಿಗೂ ಇರುವುದೇ. ಕೊನೆಗೆ ಜೊತೆಗಾರನ ಕಾಲಂ ಮೇಲೆ ವಿಂಗಡಿಸಿದಾಗ ಇಬ್ಬರೂ ಸುಮ್ಮನಾದೆವು. ಅಪ್ಪನ ಹಳೆಯ ಸ್ನೇಹಿತರೊಬ್ಬರು ಇದ್ದಾರೆ, ಅವರೂ ಕ್ಯಾಡಿ, ತಮಿಳಿನವರು. ನಾವು ಮಾವ ಎನ್ನುತ್ತೇವೆ. 20ರಲ್ಲಿ 11 ಆಟ ಮಾವನ ಜೊತೆ ಆಡಿದ್ದು, ಸರಾಸರಿ 82. ಉಳಿದ 9 ಬೇರೆಯವರ ಜೊತೆ, ಸರಾಸರಿ 89. ಏಳು ಹೊಡೆತದ ಅಂತರ. ಇಂಡೆಕ್ಸಿಗೆ ಆರಿಸಿಕೊಂಡ 8 ಆಟವೂ ಮಾವನ ಜೊತೆಯವೇ.

ಮೊದಲು ಬಂದ ಯೋಚನೆ ಒಳ್ಳೆಯದಲ್ಲ, ನಿಮಗೂ ಅದೇ ಬಂದಿರುತ್ತದೆ. ಮಾವ ಮಾರ್ಕರ್ ಆಗಿರುವಾಗ ಅಂಕಿ ಕಡಿಮೆ ಬೀಳುತ್ತಿದೆಯೇ? ಆದರೆ 9ನ್ನು 6 ಮಾಡಲು ಬಿಡದ ಮನುಷ್ಯ ಅದಕ್ಕೆ ಸಹಿ ಹಾಕುತ್ತಾರೆ ಎಂದು ನಂಬಲು ಆಗಲಿಲ್ಲ. ಪಟ್ಟುಗಳ ಹಾಳೆ ತೆರೆದೆವು. ಮಾವ ಇದ್ದಾಗಲೂ 33, ಇಲ್ಲದಾಗಲೂ 33. ಹತ್ತಿರದ ಆಟ ಏನೂ ಕೆಟ್ಟಿಲ್ಲ. ‘ಕ’ ಹಾಳೆಗೆ ಕೌಂಟ್‌ಇಫ್ ಹಾಕಿದೆವು. ಮಾವನ ಜೊತೆಯ 11 ಆಟದಲ್ಲಿ ಕಳೆದ ಚೆಂಡು 4. ಮಾವ ಇಲ್ಲದ 9 ಆಟದಲ್ಲಿ 21.

ಯಾವ ಹೋಲಿನಲ್ಲಿ ಎಂದೂ ನೋಡಿದೆವು. ಹೆಚ್ಚಿನವು ನಾಲ್ಕೇ ಹೋಲುಗಳಲ್ಲಿ. ಅಷ್ಟರಲ್ಲೂ ಟೀಯಿಂದ ಹೊಡೆದ ಚೆಂಡು ದಿಬ್ಬದ ಮೇಲೆ ಬರೀ ಆಕಾಶಕ್ಕೆ ಎದುರಾಗಿ ಹೋಗುತ್ತದೆ. ಹಿಂದೆ ಮರದ ಹಸಿರು ಇಲ್ಲ. ಬಿಳಿ ಆಕಾಶದಲ್ಲಿ ಬಿಳಿ ಚೆಂಡು.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಹಿಂದಿನ ಮಳೆಗಾಲದಲ್ಲಿ ಅಪ್ಪ ಓದುವ ಕನ್ನಡಕ ಬಿಟ್ಟಿದ್ದರು. ಹತ್ತು ವರ್ಷದಿಂದ ಹಾಕುತ್ತಿದ್ದವರು, ಇದ್ದಕ್ಕಿದ್ದ ಹಾಗೆ ಅದಿಲ್ಲದೆಯೇ ಪತ್ರಿಕೆ ಓದತೊಡಗಿದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅಮ್ಮ ಅದನ್ನು ದಿನಾ ತಿನ್ನಿಸಿದ ಕ್ಯಾರೆಟ್ಟಿನ ಮಹಿಮೆ ಎಂದು ಬೀದಿಗೆಲ್ಲ ಹೇಳಿದ್ದರು. (ಊಟಿ ಕ್ಯಾರೆಟ್ ತಾನೆ, ನಂಬದವರು ಯಾರು.) ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಯಾವಾಗಲೂ ಬೋರ್ಡು ತೋರಿಸಿ “ಇದು ಯಾವ ಬಸ್ಸು” ಎಂದು ಕೇಳುತ್ತಾರೆ, ತಮಿಳು ಓದಲು ಬಾರದವರು ಹಾಗೆ ಕೇಳುವುದರಲ್ಲಿ ವಿಶೇಷವೇನಿದೆ? ಇನ್ನು ಚರ್ಚಿನಲ್ಲಿ, ಬಾಗಿಲ ಹತ್ತಿರದ ಬೆಂಚು ಬಿಟ್ಟು ಕದಲದವರು ಮುಂದಿನ ಸಾಲಿಗೆ ಬಂದು ಕೂರತೊಡಗಿದ್ದರು. ಫಾದರ್ ಕೂಡ ಗಮನಿಸಿ ಮೆಚ್ಚಿಕೊಂಡಿದ್ದರು.

ಮಾವನನ್ನು ಕೇಳಿದೆವು. ಟೀ ಅಂಗಡಿಯಲ್ಲಿ, ಅಪ್ಪ ಇಲ್ಲದ ಹೊತ್ತು ನೋಡಿ. ಅವರು ಫೋನಿನಲ್ಲಿದ್ದ ಶೀಟನ್ನು ನೋಡಿದರು, ತಮ್ಮ ಅಕ್ಷರ ಇರುವ ಸಾಲುಗಳನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆದರು. “ನಿಮ್ಮಪ್ಪನ್ನೇ ಕೇಳಿ, ನನ್ನ ಕೇಳಬೇಡಿ” ಎಂದು ತಮಿಳಿನಲ್ಲಿ ಹೇಳಿ, ಅರ್ಧ ಟೀ ಹಾಗೇ ಇಟ್ಟು ಎದ್ದುಹೋದರು. ಅಷ್ಟು ಸಾಕಾಯಿತು. ಚೆಂಡು ಹುಡುಕಲು ಯಾರು ನೆರವಾದರೂ ಗಾಲ್ಫಿನ ನಿಯಮ ತಡೆಯುವುದಿಲ್ಲ. ಸೋಮವಾರ ಅಪ್ಪನ ಚೆಂಡನ್ನು ಮಾವ ನೋಡುತ್ತಿದ್ದರು. ವಾರದ ಉಳಿದ ದಿನ, ಆಗುವಷ್ಟು ಮಟ್ಟಿಗೆ, ಅಪ್ಪ ಬ್ಯಾಗು ಹೊತ್ತ ಗುಂಪಿನಲ್ಲೇ ತಾವೂ ಇರುವ ಹಾಗೆ ನೋಡಿಕೊಂಡು, ಸಾಹೇಬರ ಚೆಂಡು ಬಿದ್ದ ಕಡೆಗೆ ಒಂದು ಹೆಜ್ಜೆ ಮೊದಲೇ ತಿರುಗಿ ಅಪ್ಪನಿಗೆ ದಾರಿ ತೋರಿಸುತ್ತಿದ್ದರು. ಮಾವ ಇಲ್ಲದ ದಿನ ಅಪ್ಪ ಕಿವಿ ನೆಚ್ಚಿಕೊಂಡಿದ್ದರು. ಕೋಲಿಗೆ ಚೆಂಡು ತಾಕುವ ಸದ್ದು, ಹೊಡೆದವನ ಭುಜ ತಿರುಗಿದ ರೀತಿ ನೋಡಿಯೇ ಎಡಕ್ಕೋ ಬಲಕ್ಕೋ ಎಷ್ಟು ದೂರವೋ ಹೇಳಬಲ್ಲರು. ಮೂವತ್ತು ವರ್ಷದ ಅಭ್ಯಾಸ. ಇದನ್ನೆಲ್ಲ ಅಪ್ಪ ಆಮೇಲೆ ಹೇಳಿದ್ದು.

ಹೇಳಿಸುವುದು ಹೇಗೆ ಎಂಬುದೇ ದೊಡ್ಡ ಸಂಕಟ ಆಗಿತ್ತು. ನಮ್ಮಲ್ಲಿ ಒಬ್ಬರು ಶೀಟನ್ನೇ ಮುಂದಿಡೋಣ ಎಂದು, ಇನ್ನೊಬ್ಬರು ಕೂಡದು ಎಂದು. ಅಪ್ಪ ತಾವೇ ನಂಬಿ ಕೊಟ್ಟ ನೋಟ್‌ಬುಕ್ಕು ಅದು. ಅದನ್ನೇ ತಿರುಗಿಸಿ ಹಿಡಿದು, ನೋಡಿ ಸಿಕ್ಕಿಬಿದ್ದಿರಿ ಎನ್ನುವ ಹಾಗೆ ಆಗಬಾರದು. ಮೂರು ದಿನ ಹೀಗೇ ಹೋಯಿತು. ಅಮ್ಮನಿಗೆ ಹೇಳಿದೆವು. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿ, “ಸೋಮವಾರ ಸಾಲು ಬರೆಯುವಾಗ ಕೇಳಿ. ಬೇರೆ ಹೊತ್ತಲ್ಲಿ ಬೇಡ” ಎಂದರು.

ಆ ಸೋಮವಾರ ಮಾವ ಆಡಲು ಬಂದಿರಲಿಲ್ಲ. ಅಪ್ಪ ಎಂದಿನಂತೆ ಅಂಕಿ ಓದಿದರು, ನಾವು ಒತ್ತಿದೆವು. ಐದು. ನಾಲ್ಕು. ನಾಲ್ಕು. ಎಂಟು, ಕ. ಓದುತ್ತಾ ಹೋದರು, ಒಂದನ್ನೂ ಬಿಡಲಿಲ್ಲ, ಒಂದನ್ನೂ ಇಳಿಸಲಿಲ್ಲ. ಒಂಬತ್ತು, ಕ. ಒಟ್ಟು 91. “ಅಪ್ಪ, ಈ ನಾಲ್ಕು ಹೋಲಲ್ಲೇ ಯಾಕೆ ಹೀಗೆ?” ಎಂದು ಕೇಳಿದೆವು. ಅಪ್ಪ ಫೋನನ್ನು ಈಸಿಕೊಂಡು, ಕನ್ನಡಕ ಇಲ್ಲದ ಕಣ್ಣಿಗೆ ಹತ್ತಿರ ಹಿಡಿದು, ಕೆಂಪು ಚೌಕಗಳನ್ನು ಬಹಳ ಹೊತ್ತು ನೋಡಿದರು. ಎದ್ದು ಹೊರಗೆ ಹೋದರು. ಕೋಳಿ ಗೂಡಿನ ಬಾಗಿಲು ಹಾಕಿದ ಸದ್ದು ಕೇಳಿತು. ವಾಪಸು ಬಂದು, “ಚೆಂಡು ಹೋಗೋದು ಕಾಣಕಿಲ್ಲ ಕನವ್ವ. ಹೊಡದ ಮೇಕೆ ಹಾಲೊಳಗೆ ಬಿದ್ದಂಗೆ ಆಯ್ತದೆ” ಎಂದರು.

ಎಷ್ಟು ದಿನದಿಂದ ಎಂದು ಅಮ್ಮ ಕೇಳಿದರು. ಅಪ್ಪ ಶೀಟಿನ ಕಡೆ ಕೈ ತೋರಿಸಿದರು: “ಅದ್ರಲ್ಲೇ ಅದಲ್ಲ.”

ಕಣ್ಣಿನ ಪೊರೆ. ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವಿವರಿಸಿದಾಗ ಕ್ಯಾರೆಟ್ಟಿನ ಮಹಿಮೆ ಅಲ್ಲಿಗೆ ಮುಗಿಯಿತು. ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗಿ ಪೊರೆ ಬರುವಾಗ ಕೆಲವರಿಗೆ ಸ್ವಲ್ಪ ಕಾಲ ಹತ್ತಿರದ್ದು ಮೊದಲಿಗಿಂತ ಚೆನ್ನಾಗಿ ಕಾಣುತ್ತದಂತೆ. ದೂರದ ನೋಟ ಹೋಗುತ್ತಾ ಇರುವಾಗ ಓದುವ ಕನ್ನಡಕ ಬೇಡವಾಗುತ್ತದೆ. ನಿಮ್ಮ ಮನೆಯಲ್ಲೂ ವಯಸ್ಸಾದವರು ಹೀಗೆ ಕನ್ನಡಕ ತೆಗೆದಿಟ್ಟರೆ ಸಂತೋಷಪಡುವ ಮೊದಲು ಒಮ್ಮೆ ತೋರಿಸಿ. ಅಪ್ಪ ಮುಚ್ಚಿಟ್ಟದ್ದಕ್ಕೆ ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಕಣ್ಣು ಕಾಣದ ಕ್ಯಾಡಿಯನ್ನು ಯಾರು ಕರೆಯುತ್ತಾರೆ? ಆಪರೇಷನ್ ಎಂದರೆ ಖರ್ಚು, ಅದಕ್ಕಿಂತ ಹೆಚ್ಚಾಗಿ ವಾರಗಟ್ಟಲೆ ಭಾರ ಹೊರುವ ಹಾಗಿಲ್ಲ. ಒಂದು ಕಣ್ಣಾದ ಮೇಲೆ ಇನ್ನೊಂದು. ಬಿ.ಕಾಂ. ಫೀಸು ಜೂನಿನಲ್ಲಿ.

ಖರ್ಚು ನಾವು ಹೆದರಿದಷ್ಟು ಆಗಲಿಲ್ಲ, ಶಿಬಿರದ ಮೂಲಕ ಹೋದದ್ದರಿಂದ ಆಪರೇಷನ್ನಿಗೆ ದುಡ್ಡು ಕೊಡಲಿಲ್ಲ. ಹೋಗಿಬರುವ ಬಸ್ಸು, ಔಷಧಿ, ಕಪ್ಪು ಕನ್ನಡಕ. ಕೂಲಿ ಇಲ್ಲದ ವಾರಗಳನ್ನು ಅಮ್ಮ ಹೇಗೆ ದಾಟಿಸಿದರು ಎಂಬ ಲೆಕ್ಕ ಯಾವ ಶೀಟಿನಲ್ಲೂ ಇಲ್ಲ. ಕ್ಯಾಡಿಗಳು ತಮ್ಮೊಳಗೇ ಏನೋ ಒಟ್ಟುಮಾಡಿ ಮಾವನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅಪ್ಪ ಬ್ಯಾಗು ಹೊರುವಂತಿರಲಿಲ್ಲ, ಆದರೆ ಸೋಮವಾರ ಮನೆಯಲ್ಲಿ ಕೂರಲೂ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲರ ಕಾರ್ಡು ಹಿಡಿದು ಮಾರ್ಕರ್ ಆಗಿ ಜೊತೆಗೆ ನಡೆದರು. ಮಾವನ ಒಂದು ಹೊಡೆತ ಅವರಿಗೇ ಲೆಕ್ಕ ತಪ್ಪಿದ್ದನ್ನು ಅಪ್ಪ ತೋರಿಸಿಕೊಟ್ಟು 5 ಇದ್ದದ್ದನ್ನು 6 ಮಾಡಿಸಿದರಂತೆ. ಇಷ್ಟೆಲ್ಲ ಮಾಡಿದವನಿಗೆ ಅದೊಂದು ಹೊಡೆತ ಬಿಡಬಾರದಿತ್ತೇ ಎಂದು ಅಮ್ಮ ಬೈದರು. ಅಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಎರಡೂ ಕಣ್ಣು ಆಗಿ, ಡಾಕ್ಟರಮ್ಮ ಆಡಬಹುದು ಎಂದ ಮೇಲಿನ ಮೊದಲ ಸುತ್ತು 90. ಬಹಳ ದಿನ ಕೋಲು ಹಿಡಿಯದ ಕೈ. ‘ಕ’ ಎರಡೇ. “ಈಗ ಚೆಂಡು ಪೊದೆಗೆ ನುಗ್ಗೋದು ಚೆನ್ನಾಗಿ ಕಾಣ್ತದೆ” ಎಂದು ನಕ್ಕರು. ಹಾಕಿದ ಹೊಸ ಮಸೂರ ದೂರಕ್ಕೆ ಸರಿಹೊಂದಿಸಿದ್ದು, ಹಾಗಾಗಿ ಓದುವ ಕನ್ನಡಕ ಮತ್ತೆ ಬಂದಿದೆ. ಅದನ್ನು ಹುಡುಕುವುದೇ ಸೋಮವಾರ ಸಂಜೆಯ ಮೊದಲ ಕೆಲಸ.

ಈಗ ಶೀಟಿಗೆ ಇನ್ನೂ ಆರು ಹೆಸರು ಸೇರಿವೆ. ಅಪ್ಪನ ಕತೆ ಮೈದಾನದಲ್ಲಿ ಹರಡಿದ ಮೇಲೆ ಕ್ಯಾಡಿಗಳು ಒಬ್ಬೊಬ್ಬರೇ ಚೀಟಿ, ಡೈರಿ, ಸಿಗರೇಟು ಪ್ಯಾಕಿನ ಹಿಂಬದಿ ತಂದುಕೊಡುತ್ತಿದ್ದಾರೆ. ಇಬ್ಬರು ಹುಡುಗರದು 4ರ ಹತ್ತಿರದ ಇಂಡೆಕ್ಸ್, ಆಡುವುದನ್ನು ಯಾರಾದರೂ ನೋಡಬೇಕಾದವರು. ಮಾವನೂ ಒಂದು ಡೈರಿ ತಂದರು. ಅದರಲ್ಲಿ ಬರೀ ಮೊತ್ತ ಇದೆ, ಹೋಲುಗಳ ಅಂಕಿ ಇಲ್ಲ. ಇದರಿಂದ ಏನೂ ತಿಳಿಯುವುದಿಲ್ಲ ಮಾವ, ಇನ್ನು ಮೇಲೆ ಹದಿನೆಂಟನ್ನೂ ಬರೆಯಿರಿ, ಪಟ್ಟುಗಳನ್ನೂ ಬರೆಯಿರಿ ಎಂದು ಅಕ್ಕ ಅವರಿಗೆ ಹೊಸ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೊಟ್ಟಿದ್ದಾಳೆ.